ರೈಲು ನಿಲ್ಲಿಸಿದವರು ಕಂಡುಕೊಂಡ ದಾರಿ

ಬೆಂಗಳೂರಿನ ಕೃಷ್ಣರಾಜಪುರದ ರೈಲು ನಿಲ್ದಾಣಕ್ಕೂ ದೂರವಾಣಿನಗರದಲ್ಲಿರುವ ಐಟಿಐ ಎಂಬ ಸಾರ್ವಜನಿಕ ಉದ್ದಿಮೆಯ ಕಾರ್ಖಾನೆಗೂ ಹೆಚ್ಚು ದೂರವಿಲ್ಲ. ಎರಡಕ್ಕೂ ಒಡೆಯ ಕೇಂದ್ರ ಸರ್ಕಾರವೇ. ಆದರೂ ಎಪ್ಪತ್ತರ ದಶಕದಲ್ಲಿ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರಿಗಿದ್ದ ಸಂಬಳ, ಬೋನಸ್ಸು ರೈಲ್ವೆಯವರಿಗೆ ಇರಲಿಲ್ಲ.

ಉಗಿ ಎಂಜಿನ್ನಿನವರ ಪಾಡಂತೂ ಕೇಳುವಂತಿರಲಿಲ್ಲ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ಪಕ್ಕದ ಲೂಪ್ ಲೈನಿಗೆ ಹಾಕಿ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರು. ಗಾಡಿ ನಿಂತರೂ ಬೆಂಕಿ ಆರುವಂತಿಲ್ಲ, ಬಾಯ್ಲರಿನ ನೀರು ಇಳಿಯುವಂತಿಲ್ಲ. ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಸಲಿಕೆ ಕೆಳಗಿಡುವ ಹಾಗೇ ಇಲ್ಲ. ಎಂಟು ಗಂಟೆಯ ದುಡಿಮೆ ಎಂಬುದು ಅವರ ಪಾಲಿಗೆ ಕನಸು.

ಮಾನ್ಯತೆ ಪಡೆದ ದೊಡ್ಡ ಒಕ್ಕೂಟಗಳು ಈ ಗೋಳಿಗೆ ಕಿವಿಗೊಡಲಿಲ್ಲವೆಂದು ಎಂಜಿನ್ ಸಿಬ್ಬಂದಿ ತಮ್ಮದೇ ಸಂಘ ಕಟ್ಟಿಕೊಂಡರು. 1973ರಲ್ಲಿ ಅವರು ಕೆಲಸ ನಿಲ್ಲಿಸಿದಾಗ ಡ್ಯೂಟಿಯನ್ನು ಹತ್ತು ಗಂಟೆಗೆ ಇಳಿಸುವುದಾಗಿ ಸರ್ಕಾರ ಒಪ್ಪಿತು. ಒಗ್ಗಟ್ಟಿನ ಬಲ ಅವರಿಗೆ ಗೊತ್ತಾದದ್ದು ಆಗಲೇ. ಆದರೆ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಗುಮಾಸ್ತರಿಗೆ ಅದರಿಂದ ಏನು ಸಿಕ್ಕಿತು? ಒಬ್ಬೊಬ್ಬರೇ ಹೋರಾಡಿದರೆ ಒಬ್ಬೊಬ್ಬರಿಗೇ ಸಿಗುತ್ತದೆ. ಅದೂ ಉಳಿಯುವ ಭರವಸೆಯಿಲ್ಲ.

ಆ ವರ್ಷವೇ ಮಂಗಳೂರಿನ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರಾದರು. ಹುಡುಗನಾಗಿದ್ದಾಗ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿ ಹಿರಿಯರಿಗೊಂದು ಊಟ, ಕಿರಿಯರಿಗೊಂದು ಊಟ ಎಂಬ ಭೇದ ಸಹಿಸದೆ ಹೊರಬಂದವರು ಅವರು. 1974ರ ಫೆಬ್ರವರಿ 27ರಂದು ದೆಹಲಿಯಲ್ಲಿ ಬೇರೆ ಬೇರೆ ಬಾವುಟದ ಸಂಘಗಳು ಕೂಡಿ ಒಂದೇ ಸಮನ್ವಯ ಸಮಿತಿ ರಚಿಸಿದವು. ಕಾಂಗ್ರೆಸ್ ಪರ ಒಕ್ಕೂಟವೊಂದು ಮಾತ್ರ ದೂರ ಉಳಿಯಿತು. ಇಡೀ ಕತೆಯಲ್ಲಿ ದೊಡ್ಡ ಆವಿಷ್ಕಾರವೆಂದರೆ ಸಂಘಗಳು ಹೀಗೆ ಒಂದಾದದ್ದೇ ಎಂದು ನಾನು ನಂಬಿದ್ದೇನೆ. ಎಂಟು ಗಂಟೆ ದುಡಿಮೆ, ಬೋನಸ್ಸು, ಸಾರ್ವಜನಿಕ ಉದ್ದಿಮೆಗಳಿಗೆ ಸಮನಾದ ಸಂಬಳ, ಎಲ್ಲರ ಬೇಡಿಕೆಯೂ ಒಂದೇ ಪಟ್ಟಿಯಲ್ಲಿ ಸೇರಿತು.

ಮೇ 8ರಂದು ಸಂಪು ಶುರುವಾಯಿತು. ಅಷ್ಟರಲ್ಲಿ ಜಾರ್ಜ್ ಜೈಲು ಸೇರಿಯಾಗಿತ್ತು. ಸಾವಿರಾರು ಜನರ ಬಂಧನವಾಯಿತು, ಸಾವಿರಾರು ಜನರ ನೌಕರಿ ಹೋಯಿತು. ಎಷ್ಟೋ ಕಡೆ ಹೆಂಡತಿ ಮಕ್ಕಳನ್ನು ಕ್ವಾರ್ಟರ್ಸಿನಿಂದ ಹೊರಹಾಕಿದರು. ಇಪ್ಪತ್ತು ದಿನಗಳ ನಂತರ, ಒಂದು ಬೇಡಿಕೆಯೂ ಈಡೇರದೆ, ಸಂಪು ನಿಂತಿತು. ವಜಾ ಆದವರು ಕೆಲಸಕ್ಕೆ ಮರಳಿದ್ದು 1977ರಲ್ಲಿ ಜನತಾ ಸರ್ಕಾರ ಬಂದ ಮೇಲೆ. 1979ರಲ್ಲಿ ಬೋನಸ್ಸೂ ಬಂತು. ಸೋತ ಸಂಪಿನ ಫಲ ಐದು ವರ್ಷ ತಡವಾಗಿ ಕೈಸೇರಿತು.

ಒಗ್ಗೂಡುವ ಅದೇ ಹಾದಿ ಆಮೇಲೆ ಕೃಷ್ಣರಾಜಪುರದ ಬಾಗಿಲಿಗೇ ಬಂತು. 1980ರ ಡಿಸೆಂಬರ್ 26ರಂದು ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಎಂಬ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕ ಸಂಘಗಳು ಒಂದೇ ವೇದಿಕೆಯಡಿ ಕೂಡಿ ಮುಷ್ಕರ ಹೂಡಿದವು. ರೈಲ್ವೆಯವರು ಯಾರ ಸಂಬಳಕ್ಕೆ ಸಮ ಬೇಕೆಂದಿದ್ದರೋ ಆ ಕಾರ್ಖಾನೆಯವರೇ ಈಗ ಇನ್ನೊಂದು ಸಾರ್ವಜನಿಕ ಉದ್ದಿಮೆಯಾದ ಬಿಎಚ್‌ಇಎಲ್‌ನವರಿಗೆ ಸಮ ಬೇಕೆಂದರು. ಮುಷ್ಕರ 77 ದಿನ ನಡೆಯಿತು. ಕೇಳಿದ ಸಮಾನತೆ ಸಿಗಲಿಲ್ಲ.