ಪುಕ್ಕ ಬಾರದ ಹಕ್ಕಿ ಮರಿ ತರುವ ಮುಂಚೆ: ಕೈತುತ್ತು ಅಂದುಕೊಂಡಷ್ಟು ಸುಲಭ ಅಲ್ಲ

ಕಾಕಟೀಲ್ ಮರಿ ಕೊಳ್ಳಲು ಹೋದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: 'ಚಿಕ್ಕದಿರುವಾಗಲೇ ತಗೊಂಡು ಹೋಗಿ, ನೀವೇ ತಿನ್ನಿಸಿ, ಹೆಗಲ ಮೇಲೆ ಬಂದು ಕೂರುತ್ತೆ.' ಜೊತೆಗೆ ಒಂದು ಸಿರಿಂಜ್, ಒಂದು ಪೊಟ್ಟಣ ಪುಡಿ. ಮಕ್ಕಳಿಗೆ ಖುಷಿ, ಮನೆಯವರಿಗೂ ಖುಷಿ. ಆದರೆ ಹೀಗೆ ಬಂದ ಎಷ್ಟೋ ಮರಿಗಳು ವಾರ ಕಳೆಯುವುದರೊಳಗೆ ಸಾಯುತ್ತವೆ. 'ಏನೋ ರೋಗ ಇತ್ತು' ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಹೆಚ್ಚಿನ ಸಲ ಕೊಂದಿದ್ದು ತುತ್ತು ಕೊಟ್ಟ ರೀತಿ.

ಗೂಡಿನಲ್ಲಿ ನಡೆಯುವುದೇ ಬೇರೆ. ಕಾಕಟೀಲ್ ಮೊಟ್ಟೆ ಒಡೆಯಲು 18ರಿಂದ 21 ದಿನ ಬೇಕು. ಹಗಲಲ್ಲಿ ಹೆಚ್ಚಾಗಿ ಗಂಡು, ರಾತ್ರಿ ಹೆಣ್ಣು ಕಾವು ಕೊಡುತ್ತವೆ. ಮರಿ ಬಂದ ಮೇಲೆ ಎರಡೂ ಸೇರಿ ತಮ್ಮ ಗಂಟಲ ಚೀಲದಲ್ಲಿ ನೆನೆದು ಮೆತ್ತಗಾದ ಕಾಳನ್ನು ಮೈಬಿಸಿಯಲ್ಲೇ ಮರಿಯ ಬಾಯಿಗೆ ಇಳಿಸುತ್ತವೆ. ಆ ಬಿಸಿ, ಆ ಹದ, ಆ ಹೊತ್ತು ಮೂರನ್ನೂ ಮನುಷ್ಯ ಸಿರಿಂಜ್‌ನಲ್ಲಿ ತರಬೇಕು. ತೊಡಕು ಇರೋದು ಇಲ್ಲೇ.

ಮೊದಲು ಬಿಸಿ. ಕಲಸಿದ ಆಹಾರ 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. ಇದಕ್ಕಿಂತ ಹೆಚ್ಚು ಬಿಸಿಯಾದರೆ ಕತ್ತಿನ ಬುಡದ ಚೀಲದ ಒಳಗೋಡೆ ಸುಡುತ್ತದೆ. ಸುಟ್ಟಿದ್ದು ಆಗಲೇ ಗೊತ್ತಾಗಲ್ಲ. ಕೆಲವು ದಿನ ಬಿಟ್ಟು ಚರ್ಮ ಕಪ್ಪಾಗಿ, ತೂತು ಬಿದ್ದು, ತಿಂದ ಆಹಾರ ಎದೆಯ ಮೇಲೆ ಸೋರಿದಾಗ ಕಾಣುತ್ತದೆ. ತಣ್ಣಗಿದ್ದರೂ ಕಷ್ಟವೇ: ಆಹಾರ ಚೀಲದಿಂದ ಕೆಳಗೆ ಇಳಿಯದೆ ಅಲ್ಲೇ ಹುಳಿಯುತ್ತದೆ. ಹಾಗಾಗಿ ಬೆರಳು ಅದ್ದಿ ನೋಡುವುದು ಸಾಲದು, ಥರ್ಮಾಮೀಟರ್ ಬೇಕೇ ಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ದು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಕೆಂಡ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕದಡುವುದೇ ವಾಸಿ.

ಇನ್ನು ಸಿರಿಂಜ್. ಮರಿಯ ಬಾಯಿಯ ಎಡಗಡೆಯಿಂದ ಹಿಡಿದು ಬಲಭಾಗದ ಒಳಕ್ಕೆ ಗುರಿ ಇಡಬೇಕು, ಏಕೆಂದರೆ ಅನ್ನನಾಳ ಇರುವುದು ಬಲಕ್ಕೆ. ಮರಿ ತಾನೇ ತಲೆ ಕುಲುಕುತ್ತಾ ನುಂಗುವಾಗ ಮಾತ್ರ ಒತ್ತಬೇಕು. ಬಾಯಿ ಬಿಡಿಸಿ ಅವಸರದಲ್ಲಿ ತುರುಕಿದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತದೆ. ಹೋಯಿತೆಂದರೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಒಂದು ಹೊತ್ತಿಗೆ ಮರಿಯ ತೂಕದ ಸುಮಾರು ಹತ್ತನೇ ಒಂದು ಭಾಗ ಸಾಕು. 50 ಗ್ರಾಂ ಮರಿಗೆ 5 ಎಂಎಲ್ ಅಷ್ಟೇ. ಮೂರು ವಾರದ ಮರಿಗೆ ನಾಲ್ಕೈದು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಕೊಡಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಹೊರಡುವ ಮನೆಯಲ್ಲಿ ಇದನ್ನು ಮಾಡೋದು ಯಾರು? ಮರಿ ತರುವ ಮುಂಚೆಯೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಹಸುವಿನ ಹಾಲು ಬೇಡ, ಹಕ್ಕಿಗೆ ಅದು ಜೀರ್ಣವಾಗಲ್ಲ. ರಾಗಿ ಅಂಬಲಿ, ಮಕ್ಕಳ ಡಬ್ಬಿ ಆಹಾರದಲ್ಲಿ ಬೆಳೆಯುವ ಮರಿಗೆ ಬೇಕಾದಷ್ಟು ಪ್ರೋಟೀನ್ ಸಿಗದು. ಮರಿಗಳಿಗೆಂದೇ ತಯಾರಿಸಿದ ಪುಡಿಯನ್ನು ಪ್ರತಿ ಸಲ ಹೊಸದಾಗಿ ಕಲಸಿ, ಉಳಿದದ್ದು ಚೆಲ್ಲಿಬಿಡಬೇಕು. ಬೆಳಿಗ್ಗೆ ಮೊದಲ ತುತ್ತಿಗೆ ಮುಂಚೆ ಚೀಲ ಖಾಲಿಯಾಗಿರಬೇಕು. ರಾತ್ರಿಯದು ಹಾಗೇ ಉಳಿದಿದ್ದರೆ ಮೇಲಿಂದ ಮತ್ತೆ ಹಾಕಬೇಡಿ, ಪಶುವೈದ್ಯರಿಗೆ ತೋರಿಸಿ. ಹಕ್ಕಿ ನೋಡಿ ಅನುಭವ ಇರುವ ವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ ಅನ್ನೋದನ್ನು ಮರಿ ಕೊಳ್ಳುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಪಳಗೋದು ಹೇಗೆ?

ಮನೆಯಲ್ಲೇ ಜೋಡಿ ಸಾಕಿರುವವರಿಗೆ ಸುಲಭದ ದಾರಿ ಇದೆ. ತಿನ್ನಿಸುವ ಕೆಲಸ ತಾಯಿ ತಂದೆಗೇ ಬಿಡಿ. ಮರಿಗೆ ಎರಡು ವಾರ ತುಂಬಿದ ಮೇಲೆ ದಿನಾ ಹತ್ತು ಹದಿನೈದು ನಿಮಿಷ ಗೂಡಿನ ಪೆಟ್ಟಿಗೆಯಿಂದ ತೆಗೆದು, ಬೆಚ್ಚಗಿನ ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಮಾತಾಡಿಸಿ ವಾಪಸ್ ಇಡಿ. ನಾಲ್ಕೈದು ವಾರಕ್ಕೆ ಗೂಡಿನಿಂದ ಹೊರಬರುವ ಹೊತ್ತಿಗೆ ಮನುಷ್ಯರ ಕೈ ಅದಕ್ಕೆ ಹೊಸದಲ್ಲ. ಹೊರಬಂದ ಮೇಲೂ ಕೆಲವು ವಾರ ತಂದೆ ತಾಯಿ ತಿನ್ನಿಸುತ್ತಿರುತ್ತವೆ. ಆಗಲೇ ಬೇರೆ ಮಾಡಿ ಮಾರಬಾರದು. ಕೊಳ್ಳುವವರಿಗೂ ಇದೇ ಪರೀಕ್ಷೆ: ನಿಮ್ಮ ಎದುರೇ ನವಣೆ ಬಿಡಿಸಿ ತಿನ್ನಲಿ, ಸಿಪ್ಪೆ ಉದುರಲಿ, ಆಮೇಲೆ ದುಡ್ಡು ಕೊಡಿ.

ಮೊಟ್ಟೆ ಇಡುವ ಹೆಣ್ಣಿಗೆ ಸುಣ್ಣದಂಶ ಬೇಕು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರ ನೊರೆ ಒಂದು ತುಂಡು ಪಂಜರಕ್ಕೆ ಸಿಕ್ಕಿಸಿದರೆ ಸಾಕು. ಪಂಜರದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ, ಇರುವೆ ಹತ್ತಿದರೆ ಮರಿ ಉಳಿಯಲ್ಲ. ಅಡುಗೆಮನೆ ಹತ್ತಿರ ಮಾತ್ರ ಪಂಜರ ಬೇಡವೇ ಬೇಡ. ನಾನ್‌ಸ್ಟಿಕ್ ತವಾ ವಿಪರೀತ ಕಾದಾಗ ಬರುವ ಹೊಗೆಗೆ ಹಕ್ಕಿಗಳು ನಿಮಿಷಗಳಲ್ಲಿ ಸಾಯುತ್ತವೆ. ಬೆಣ್ಣೆಹಣ್ಣು, ಚಾಕೊಲೇಟ್ ಕೂಡ ವಿಷ.

ಕಾನೂನಿನ ಮಾತು

ಕಾಕಟೀಲ್, ಬಜ್ಜಿ (ನಮ್ಮಲ್ಲಿ ಎಲ್ಲರೂ ಲವ್ ಬರ್ಡ್ಸ್ ಅನ್ನೋದು ಹೆಚ್ಚಾಗಿ ಇದನ್ನೇ) ಆಸ್ಟ್ರೇಲಿಯಾ ಮೂಲದವು, ಸಾಕಲು ಅಡ್ಡಿಯಿಲ್ಲ. ಆಫ್ರಿಕನ್ ಗ್ರೇ, ಮಕಾವ್ ಥರದ ಹಕ್ಕಿ ಇದ್ದರೆ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಹಕ್ಕಿ ಮಾರುವ ಅಂಗಡಿಗಳು 2018ರ ಪೆಟ್ ಶಾಪ್ ನಿಯಮಗಳಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೆ ನಮ್ಮ ತೋಟದ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತೆಂಗಿನ ಪೊಟರೆಯಿಂದ ಗಿಳಿಮರಿ ಬಿದ್ದು ಸಿಕ್ಕಿದರೆ ಕೈತುತ್ತು ಕೊಟ್ಟು ಸಾಕಲು ಹೋಗದೆ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ.