ಅಲುಗದ ಅಡಿಪಾಯ

ಗೋಡೆಗೆ ಮೊಳೆ ಹೊಡೆದರೆ ಮನೆಯ ಅಡಿಪಾಯ ಕುಸಿಯಬಾರದು. ವಾಸ್ತುಶಾಸ್ತ್ರವನ್ನರಿಯದವರಿಗೂ ಇದು ತಿಳಿದ ಮಾತು. ಆದರೆ ನಮ್ಮ ಗಣಕಯಂತ್ರಗಳಲ್ಲಿ ಬಹುಕಾಲ ಈ ಕಟ್ಟಳೆ ನಡೆದುಬಂದಿಲ್ಲ. ಹೊಸ ತಂತ್ರಾಂಶವೊಂದನ್ನು ಸೇರಿಸಹೊರಟಾಗ ಇಡೀ ಯಂತ್ರವೇ ಮೊಂಡುಬಿದ್ದು ಕೂರುವುದುಂಟು. ಹೀಗೇಕೆ?

ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್, ಅಂಥದೊಂದು ವ್ಯವಸ್ಥೆಯ ತಿರುಳು. ಅದರ ಸುತ್ತ ಸಾವಿರಾರು ಕಡತಗಳನ್ನು ಹೊಂದಿಸಿ ಬಳಕೆಗೆ ಅಣಿಮಾಡಿದ ರೂಪವೇ 'ಡಿಸ್ಟ್ರಿಬ್ಯೂಷನ್'. ಹಳೆಯ ಪದ್ಧತಿಯಲ್ಲಿ, ಯಂತ್ರ ನಡೆಯುತ್ತಿರುವಾಗಲೇ ಹಳೆಯ ಕಡತಗಳನ್ನು ತೆಗೆದು ಹೊಸವನ್ನು ಇಡುತ್ತಾರೆ. ನಡುವೆ ವಿದ್ಯುತ್ತು ಹೋಯಿತೆನ್ನಿ: ಅರ್ಧ ಹಳೆಯದು, ಅರ್ಧ ಹೊಸದು. ಯಂತ್ರ ಮತ್ತೆ ಏಳದೆಯೂ ಹೋಗಬಹುದು.

ಈ ತೊಡಕನ್ನು ನಿವಾರಿಸಲು ಹುಟ್ಟಿದುದೇ 'ಇಮ್ಯೂಟಬಲ್', ಎಂದರೆ ಅವಿಕಾರಿ ಲಿನಕ್ಸ್. ಇದರಲ್ಲಿ ಮೂಲವ್ಯವಸ್ಥೆಯನ್ನು ಓದಬಹುದೇ ಹೊರತು ನಿತ್ಯದ ಬಳಕೆಯಲ್ಲಿ ತಿದ್ದುವಂತಿಲ್ಲ. ಬದಲಾಗದ ವಸ್ತು ಸುಧಾರಿಸುವುದೆಂತು ಎಂದು ವಾಚಕರು ಕೇಳಬಹುದು. ನಿದರ್ಶನವೊಂದನ್ನು ನೋಡೋಣ.

ವಾಲ್ವ್ ಸಂಸ್ಥೆ 2022ರಲ್ಲಿ 'ಸ್ಟೀಮ್ ಡೆಕ್' ಎಂಬ, ಕೈಯಲ್ಲಿ ಹಿಡಿದು ಆಡುವ ಗಣಕವನ್ನು ಹೊರತಂದಿತು. ಅದರಲ್ಲಿ ಮೂಲವ್ಯವಸ್ಥೆಗೆಂದೇ ಎರಡು ವಿಭಾಗಗಳಿವೆ. ಒಂದು ಕೆಲಸ ಮಾಡುತ್ತಿರುವಾಗ ಹೊಸ ಆವೃತ್ತಿ ಇನ್ನೊಂದರಲ್ಲಿ ಸದ್ದಿಲ್ಲದೆ ಸಿದ್ಧವಾಗುತ್ತದೆ. ಪೂರ್ತಿ ಸಿದ್ಧವಾದ ಮೇಲೆ, ಮುಂದಿನ ಬಾರಿ ಯಂತ್ರವನ್ನು ಚಾಲೂ ಮಾಡಿದಾಗ ಹೊಸದು ಕೆಲಸಕ್ಕೆ ನಿಲ್ಲುತ್ತದೆ. ಅದರಲ್ಲಿ ದೋಷ ಕಂಡರೆ ಹಳೆಯದಕ್ಕೆ ಮರಳಬಹುದು. ಬದಲಾವಣೆ ಪೂರ್ಣವಾಗಿ ಆಗಬೇಕು, ಇಲ್ಲವೆ ಆಗಲೇಬಾರದು, ಅರೆಬರೆಗೆ ಎಡೆಯಿಲ್ಲ. ಈ ಅಖಂಡತೆಯ ಗುಣದಿಂದಲೇ ಇಂಥವಕ್ಕೆ 'ಅಟಾಮಿಕ್' ಎಂಬ ವಿಶೇಷಣವೂ ಸಂದಿದೆ.

2018ರಲ್ಲಿ ರೂಪುಗೊಂಡ ಫೆಡೋರಾ ಸಿಲ್ವರ್‌ಬ್ಲೂ ಇದನ್ನೇ ಬೇರೊಂದು ಜಾಣ್ಮೆಯಿಂದ ಸಾಧಿಸುತ್ತದೆ. ಹಳೆಯ, ಹೊಸ ಆವೃತ್ತಿಗಳೆರಡಕ್ಕೂ ಸಮಾನವಾದ ಕಡತಗಳನ್ನು ಅದು ಒಮ್ಮೆ ಮಾತ್ರ ಸಂಗ್ರಹಿಸುವುದರಿಂದ ಸ್ಥಳ ಇಮ್ಮಡಿಯಾಗುವುದಿಲ್ಲ. ಬರವಣಿಗೆಗೆ, ಚಿತ್ರಗಳಿಗೆ ಬೇಕಾದ ಅನ್ವಯಗಳು 'ಫ್ಲಾಟ್‌ಪ್ಯಾಕ್' ಎಂಬ ಪ್ರತ್ಯೇಕ ಕಟ್ಟುಗಳಲ್ಲಿ ಬರುತ್ತವೆ. ಬೇಡವಾದಾಗ ಕಟ್ಟನ್ನು ತೆಗೆದರಾಯಿತು, ಅಡಿಪಾಯಕ್ಕೆ ಧಕ್ಕೆಯಿಲ್ಲ. ವಿಂಡೋಸ್‌ಗಾಗಿ ರಚಿತವಾದ ಅನೇಕ ಆಟಗಳನ್ನು 2018ರಲ್ಲಿ ಬಂದ 'ಪ್ರೋಟಾನ್' ಎಂಬ ದುಭಾಷಿ ಲಿನಕ್ಸಿನಲ್ಲಿ ನಡೆಸಿಕೊಡುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ನಿಯಮಗಳಿಗೆ ಹೊಂದದಿದ್ದರೂ ಚೆನ್ನಾಗಿ ನಡೆಯುವ ಯಂತ್ರಗಳು ಎಷ್ಟೋ ಮನೆಗಳಲ್ಲಿವೆ. ಅವನ್ನು ಗುಜರಿಗೆ ಹಾಕಬೇಕೇ ಎಂಬುದು ಗೃಹಸ್ಥನ ಹಣದ ಪ್ರಶ್ನೆಯೂ ಹೌದು. ಯಂತ್ರವನ್ನು ಬಿಚ್ಚಿ ತಿದ್ದಲರಿಯದವರಿಗೆ, ತಾನೇ ಹಿಂದಿನ ಸ್ಥಿತಿಗೆ ಮರಳಬಲ್ಲ ವ್ಯವಸ್ಥೆ ದೊಡ್ಡ ಆಸರೆ.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಅಪರೂಪದ ಉಪಕರಣಗಳ ಚಾಲಕ ತಂತ್ರಾಂಶವನ್ನು ಅಡಿಪಾಯಕ್ಕೆ ಸೇರಿಸುವುದು ಇಲ್ಲಿ ತುಸು ಪ್ರಯಾಸ. ಮೋಸದ ಆಟವನ್ನು ತಡೆಯಲು ವಿಂಡೋಸಿನ ಒಳತಿರುಳನ್ನೇ ಹೊಕ್ಕು ಕಾವಲಿರುವ ತಂತ್ರಾಂಶವನ್ನು ಅವಲಂಬಿಸಿದ ಕೆಲವು ಜನಪ್ರಿಯ ಆಟಗಳು ಲಿನಕ್ಸಿನಲ್ಲಿ ನಡೆಯುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವಿಕಾರಿಯಾದುದು ಮೂಲವ್ಯವಸ್ಥೆ ಮಾತ್ರ. ನಮ್ಮ ಪತ್ರಗಳೂ ಭಾವಚಿತ್ರಗಳೂ ಅಲ್ಲ. ಕೈತಪ್ಪಿ ಅಳಿಸಿದರೆ ಅವು ಅಳಿದಂತೆಯೇ. ಅಡಿಪಾಯವೆಷ್ಟು ಭದ್ರವಾಗಿದ್ದರೂ ಒಡವೆಯ ಪೆಟ್ಟಿಗೆಗೆ ಬೇರೆ ಬೀಗ ಬೇಕು. ಅಂತೆಯೇ ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳುವ ಹೊಣೆ ನಮ್ಮದೇ.