ಪೋಲೀಸು ಏರ್ಪಾಡು ಮತ್ತು ನಮ್ಮ ಮೂರು ಪೇಟೆಗಳು

ಬಂಟವಾಳವು ಮಂಗಳೂರಿಗೆ ಹತ್ತಿರ, ಮೂಡುಬಿದಿರೆಯು ಅದಕ್ಕಿಂತ ದೂರ. ಇದನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಆದರೆ ಪೋಲೀಸು ಇಲಾಖೆಯ ಭೂಪಟದಲ್ಲಿ ಸಂಗತಿ ಬೇರೆಯಾಗಿದೆ. 2010ರಲ್ಲಿ ಮಂಗಳೂರು ನಗರಕ್ಕೆ ಪೋಲೀಸು ಕಮಿಶನರರ ಆಡಳಿತ ಬಂದಾಗ ಮೂಡುಬಿದಿರೆಯ ಠಾಣೆಯು ನಗರದ ಪಾಲಿಗೆ ಸೇರಿತು. ಬಂಟವಾಳವೂ ಬೆಳ್ತಂಗಡಿಯೂ ಜಿಲ್ಲಾ ಸೂಪರಿಂಟೆಂಡೆಂಟರ ಅಧೀನದಲ್ಲಿಯೇ ಉಳಿದುವು. ನಗರದ ಕಮಿಶನರರು ನಿಷೇಧಾಜ್ಞೆಯನ್ನು ತಾವೇ ಹೊರಡಿಸಬಲ್ಲರು. ಬಂಟವಾಳದಲ್ಲಿ ಅದೇ ಆಜ್ಞೆಗೆ ಕಂದಾಯ ಇಲಾಖೆಯ ಮೇಜಿಸ್ಟ್ರೇಟರ ರುಜು ಬೇಕು. ದೂರು ಕೊಡಲು ಹೋಗುವ ಸಾಮಾನ್ಯನಿಗೆ ಎರಡೂ ಕಡೆ ಕಾಣುವುದು ಒಂದೇ ಖಾಕಿ. ಹೀಗಿರುವಾಗ ಈ ಭೇದ ಎಲ್ಲಿಂದ ಬಂತು, ಈ ಏರ್ಪಾಡು ಮೊದಲಿಗೆ ಯಾರ ರಕ್ಷಣೆಗಾಗಿ ಹುಟ್ಟಿತು ಎಂಬುದನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ಮೂಡುಬಿದಿರೆಯ ಕಡೆ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿಯಲ್ಲಿ ಬಂಗರು ಆಳುತ್ತಿದ್ದ ಕಾಲದಲ್ಲಿ ಕಾವಲು, ತೆರಿಗೆ, ನ್ಯಾಯ ಇವು ಮೂರು ಬೇರೆ ಬೇರೆ ಇಲಾಖೆಗಳಾಗಿರಲಿಲ್ಲ. ಗುತ್ತಿನ ಮನೆಯ ಚಾವಡಿಯಲ್ಲಿ ಜಗಳ ತೀರುತ್ತಿತ್ತು. ಅಲ್ಲಿ ತೀರದ್ದು ದೈವದ ಮುಂದೆ ಅಥವಾ ಧರ್ಮಸ್ಥಳದ ಆಣೆಗೆ ಹೋಗುತ್ತಿತ್ತು. ಅದೊಂದು ಸತ್ಯಯುಗವಾಗಿತ್ತೆಂದು ನಾವು ಹೇಳಹೊರಟಿಲ್ಲ. ಒಕ್ಕಲಿನವನಿಗೆ ಗುತ್ತಿನ ಯಜಮಾನನ ಮೇಲೆಯೇ ದೂರಿದ್ದರೆ ಅವನು ಯಾವ ಚಾವಡಿಗೆ ಹೋಗಬೇಕಿತ್ತು?

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆಯು ಕುಂಪಣಿಯ ಸರಕಾರಕ್ಕೆ ಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾದನು. 1816ರ ಮದ್ರಾಸು ರೆಗ್ಯುಲೇಶನ್ನಿನ ಪ್ರಕಾರ ಕಲೆಕ್ಟರನೇ ಮೇಜಿಸ್ಟ್ರೇಟನು. ತಹಸೀಲ್ದಾರನೇ ತಾಲೂಕಿನ ಪೋಲೀಸು ಮುಖ್ಯಸ್ಥನು. ಗ್ರಾಮದಲ್ಲಿ ಪಟೇಲನೂ ಅವನ ಕೈಕೆಳಗೆ ಉಗ್ರಾಣಿಯೂ. ಕಂದಾಯ ವಸೂಲು ಮಾಡುವ ಕೈಯೇ ಕಳ್ಳನನ್ನೂ ಹಿಡಿಯುವುದು. ಖರ್ಚು ಕಡಿಮೆ, ಕಾಗದಪತ್ರ ಕಡಿಮೆ. ಕುಂಪಣಿಯವರಿಗೆ ಇದಕ್ಕಿಂತ ಬೇರೇನು ಬೇಕು?

ಈ ಅಗ್ಗದ ಏರ್ಪಾಡಿನ ಬೆಲೆ ಎರಡು ಸಲ ಪ್ರಕಟವಾಯಿತು. ಮೊದಲನೆಯದು 1837ರ ಎಪ್ರಿಲಿನಲ್ಲಿ. ಸುಳ್ಯ, ಪುತ್ತೂರುಗಳ ಕಡೆಯಿಂದ ಎದ್ದ ದಂಗೆಯ ಜನರು ಬಂಟವಾಳದ ದಾರಿಯಾಗಿ ಮಂಗಳೂರನ್ನು ಹೊಕ್ಕರು. ಕಲೆಕ್ಟರನು ಸಮುದ್ರಮಾರ್ಗವಾಗಿ ಕಣ್ಣಾನೂರಿಗೆ ಹೋಗಬೇಕಾಯಿತು. ತಹಸೀಲ್ದಾರನ ಪೇದೆಗಳಿಂದ ಏನೂ ಆಗಲಿಲ್ಲ. ಕೊನೆಗೆ ದಂಗೆಯನ್ನಡಗಿಸಿದ್ದು ಹೊರಗಿನಿಂದ ಬಂದ ಸೈನ್ಯ. ಹಣದ ರೂಪದಲ್ಲಿಯೇ ಕಂದಾಯ ಕೊಡಬೇಕೆಂಬ ನಿರ್ಬಂಧ, ಉಪ್ಪು-ಹೊಗೆಸೊಪ್ಪುಗಳ ಮೇಲಿನ ಸರಕಾರೀ ಏಕಸ್ವಾಮ್ಯ, ಇವೇ ಜನರ ಕೋಪಕ್ಕೆ ಕಾರಣವಾಗಿದ್ದುವು. ಆ ಕಂದಾಯವನ್ನು ಹಿಂಡುತ್ತಿದ್ದವರೇ ಪೋಲೀಸರೂ ಆಗಿದ್ದುದರಿಂದ, ಶಾಂತಿಪಾಲನೆಗೆಂದು ಅವರು ಮುಂದೆ ನಿಂತರೆ ಜನರು ನಂಬುವುದೆಂತು?

ಎರಡನೆಯದು 1855ರ ವರದಿ. ಮದ್ರಾಸು ಪ್ರಾಂತದಲ್ಲಿ ಚಿತ್ರಹಿಂಸೆ ನಡೆಯುವುದೆಂದು ವಿಲಾಯತಿಯ ಪಾರ್ಲಿಮೆಂಟಿನಲ್ಲಿ ಕೂಗೆದ್ದಾಗ ಸರಕಾರವು ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಕಮಿಶನನ್ನು ನೇಮಿಸಿತು. ಅದರ ಮುಂದೆ 1,959 ದೂರುಗಳು ಬಂದುವು. ಎರಡು ಮರದ ತುಂಡುಗಳ ನಡುವೆ ಬೆರಳನ್ನಿಟ್ಟು ಒತ್ತುವ ಕಿಟ್ಟಿ, ಮೈಯನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಇಂಥವು ಕಂದಾಯಕ್ಕೂ ತಪ್ಪೊಪ್ಪಿಗೆಗೂ ಸಮಾನವಾಗಿ ಬಳಕೆಯಲ್ಲಿದ್ದುವೆಂದು ಕಮಿಶನು ಕಂಡಿತು. ದೂರದ ಹಳ್ಳಿಯವನಿಗೆ ಮೇಲಧಿಕಾರಿಯನ್ನು ಮುಟ್ಟುವುದೇ ಕಷ್ಟವೆಂಬುದನ್ನೂ ಅದು ಮರೆಯಲಿಲ್ಲ. ಕಂದಾಯದಿಂದ ಪೋಲೀಸನ್ನು ಬೇರ್ಪಡಿಸಿ 1859ರ ಮದ್ರಾಸು ಜಿಲ್ಲಾ ಪೋಲೀಸು ಕಾಯಿದೆ ಬಂದುದು ಈ ವರದಿಯ ತರುವಾಯ. ಅದರ ಬೆನ್ನಿಗೇ 1861ರಲ್ಲಿ ಇಡೀ ದೇಶಕ್ಕೆಂದು ಐದನೆಯ ಆಕ್ಟು ಬಂತು. ಪೋಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯು ಕೋರ್ಟಿನಲ್ಲಿ ಸಲ್ಲದೆಂಬ ನಿಯಮವೂ ಆ ಕಾಲದ್ದೇ. 2024ರ ಜುಲಾಯಿ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಕೈಬಿಟ್ಟಿಲ್ಲ.

ಆದರೆ ಹೊಸ ಪೋಲೀಸಿನ ಮಾದರಿಯನ್ನು ತಂದುದೆಲ್ಲಿಂದ? ಲಂಡನ್ ಪಟ್ಟಣದ ನಾಗರಿಕ ಪೋಲೀಸಿನಿಂದಲ್ಲ. ಆಳಲ್ಪಟ್ಟ ಐರ್ಲೆಂಡಿನ ಕಾನ್ಸ್‌ಟೇಬ್ಯುಲರಿಯಿಂದ, ಅದನ್ನು ಅನುಸರಿಸಿ ನೇಪಿಯರನು ಸಿಂಧದಲ್ಲಿ 1843ರಲ್ಲಿ ಕಟ್ಟಿದ ಪಡೆಯಿಂದ. ಕವಾಯತು, ಸಾಲು, ಮೇಲಿನ ಹುಕುಂ, ಇವು ಅದರ ಜೀವಾಳ. ದೊಂಬಿಯನ್ನು ಚದರಿಸಲು ಅದು ಯೋಗ್ಯ. ತೋಟದ ನಡುವೆ ಒಂಟಿಯಾಗಿರುವ ಮನೆಯಲ್ಲಿ ನಡೆದ ಕೊಲೆಯ ಜಾಡು ಹಿಡಿಯಲು ಬೇಕಾದ ಗುಣಗಳೇ ಬೇರೆ. ಈ ಸೀಮೆಯಲ್ಲಿ ಮನೆಗಳು ಗುಂಪಾಗಿಲ್ಲವೆಂಬುದನ್ನು ನೆನೆದರೆ ಭೇದವು ಇನ್ನೂ ಸ್ಪಷ್ಟವಾಗುವುದು. 1902-03ರ ಫ್ರೇಜರ್ ಕಮಿಶನು ಠಾಣೆಗಳ ಮೇಲೆ ವಿದ್ಯಾವಂತ ಸಬ್‌ಇನ್‌ಸ್ಪೆಕ್ಟರರನ್ನು ನೇಮಿಸಬೇಕೆಂದಿತು. ಸ್ವರಾಜ್ಯ ಬಂತು, 1956ರಲ್ಲಿ ಜಿಲ್ಲೆಯು ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು, 1963ರಲ್ಲಿ ರಾಜ್ಯದ ಸ್ವಂತ ಪೋಲೀಸು ಕಾಯಿದೆಯಾಯಿತು. ಹುಕುಂ ಕೊಡುವವರು ಬದಲಾದರು, ಹುಕುಮಿನ ದಾರಿ ಬದಲಾಗಲಿಲ್ಲ.

ಬಂದೋಬಸ್ತು ಒಂದು ಕೆಲಸ, ತನಿಖೆ ಇನ್ನೊಂದು. ಇವೆರಡನ್ನು ಬೇರೆ ಮಾಡಬೇಕೆಂದು ಸುಪ್ರೀಂ ಕೋರ್ಟು 2006ರ ಸಪ್ಟಂಬರದಲ್ಲಿ ಪ್ರಕಾಶ ಸಿಂಗರ ದಾವೆಯಲ್ಲಿ ಆಜ್ಞೆ ಮಾಡಿತು. ಆದರೆ ಹತ್ತು ಲಕ್ಷ ಜನವಸತಿಯ ಪಟ್ಟಣಗಳಲ್ಲಿ ಮೊದಲು, ಇತರೆಡೆ ಕ್ರಮೇಣ ಎಂದಿತು. ಆ ‘ಕ್ರಮೇಣ’ ಎಂಬ ಶಬ್ದದಲ್ಲಿ ಬಂಟವಾಳ, ಬೆಳ್ತಂಗಡಿಗಳು ಸೇರಿವೆ. ಕಲ್ಲಡ್ಕದ ಕಡೆ ಮತೀಯ ಕ್ಷೋಭೆಯಾಯಿತೆಂದರೆ, ನಿನ್ನೆಯ ಕೊಲೆಯ ಮಹಜರು ಬರೆಯಬೇಕಾದವನೇ ಇಂದು ಲಾಠಿ ಹಿಡಿದು ಪೇಟೆಯಲ್ಲಿ ನಿಲ್ಲಬೇಕಾಗುವುದು. ಇದರಲ್ಲಿ ಆ ಪೇದೆಯ ದೋಷವೇನೂ ಇಲ್ಲ. ಎರಡು ದಿನ ನಿದ್ದೆಯಿಲ್ಲದೆ ನಿಂತವನನ್ನು ನಾವೇ ನೋಡುತ್ತೇವೆ.

ತನಿಖೆಯ ಮೊದಲ ಗಳಿಗೆಗಳು ಕೈತಪ್ಪಿದರೆ ಏನಾಗುವುದೆಂಬುದಕ್ಕೆ ಬೆಳ್ತಂಗಡಿ ತಾಲೂಕು ದೂರದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. 2012ರ ಅಕ್ಟೋಬರದಲ್ಲಿ ಉಜಿರೆಯ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ಹತ್ಯೆಯಾಯಿತು. ತನಿಖೆಯು ಸ್ಥಳೀಯ ಪೋಲೀಸರಿಂದ ಸಿಐಡಿಗೆ, ಸಿಐಡಿಯಿಂದ ಸಿಬಿಐಗೆ ಹೋಯಿತು. 2023ರ ಜೂನಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಆರೋಪಿಯನ್ನು ಖುಲಾಸೆ ಮಾಡಿತು. ಒಬ್ಬನು ಹತ್ತು ವರ್ಷಕ್ಕೂ ಮಿಕ್ಕಿ ಆರೋಪವನ್ನು ಹೊತ್ತನು; ತಾಯಿಯೊಬ್ಬಳಿಗೆ ಅಪರಾಧಿ ಯಾರೆಂಬ ಉತ್ತರ ದೊರೆಯಲಿಲ್ಲ. ಯಾರ ಮೇಲೂ ಬೆರಳು ತೋರಿಸುವುದು ನಮ್ಮ ಕೆಲಸವಲ್ಲ. ಆದರೆ ಮೂರು ಸಂಸ್ಥೆಗಳ ಕೈ ದಾಟಿಯೂ ಹೀಗಾಯಿತೆಂದರೆ, ಮೊದಲು ಮುಟ್ಟುವ ಠಾಣೆಯಲ್ಲಿ ತನಿಖೆಗೇ ಮೀಸಲಾದ, ಬಂದೋಬಸ್ತಿಗೆ ಕರೆಯಲ್ಪಡದ ನಾಲ್ಕು ಜನರಾದರೂ ಇರಬೇಕೆಂದು ಕೇಳುವುದು ಅತ್ಯಾಶೆಯೇ?

ಪೋಲೀಸರ ಮೇಲೆಯೇ ದೂರಿದ್ದರೆ ಹೋಗಬೇಕಾದ ಸ್ಥಾನವನ್ನೂ ಹೇಳಬೇಕು. 2012ರ ತಿದ್ದುಪಡಿಯಿಂದ ರಾಜ್ಯದಲ್ಲಿ ಜಿಲ್ಲಾ ಪೋಲೀಸು ದೂರು ಪ್ರಾಧಿಕಾರಗಳ ಏರ್ಪಾಡಾಯಿತು. ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅದಕ್ಕೆ ಅಧ್ಯಕ್ಷರಾಗಬೇಕೆಂದು ಸುಪ್ರೀಂ ಕೋರ್ಟು ಸೂಚಿಸಿತ್ತು. ಆದರೆ ತಿದ್ದುಪಡಿಯು ಆ ಪೀಠವನ್ನು ಪ್ರಾದೇಶಿಕ ಆಯುಕ್ತರಿಗೆ ಕೊಟ್ಟಿತು. ಆಯುಕ್ತರು ಕಂದಾಯದ ಮೇಲಧಿಕಾರಿಗಳು. ನಮ್ಮ ಜಿಲ್ಲೆಗೆ ಸಂಬಂಧಿಸಿದ ಅವರ ಕಚೇರಿ ಇರುವುದು ಮೈಸೂರಿನಲ್ಲಿ. ಬೆಳ್ತಂಗಡಿಯ ಬಡವನು ಅಲ್ಲಿಗೆ ತಲಪಬೇಕಾದರೆ ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸು ಹಿಡಿದು, ಘಟ್ಟ ಹತ್ತಬೇಕು.